ಊರಿನ ಹೆಸರು ಎಲ್ಲೆಲ್ಲಿ ಬರೆದಿದೆ?

2014ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ, ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಇಂಗ್ಲಿಷಿನಲ್ಲಿ ಅದುವರೆಗೆ ಬ್ಯಾಂಗಲೋರ್ ಆಗಿದ್ದದ್ದು ಬೆಂಗಳೂರು ಆಯಿತು. ಮೈಸೋರ್ ಮೈಸೂರಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು, ಬಳ್ಳಾರಿ, ಹೊಸಪೇಟೆ, ಚಿಕ್ಕಮಗಳೂರುಗಳಿಗೂ ನಾವು ಮನೆಯಲ್ಲಿ ಕರೆಯುವ ಹೆಸರೇ ಇಂಗ್ಲಿಷ್ ಬರಹದಲ್ಲಿಯೂ ದಕ್ಕಿತು. ಗುಲ್ಬರ್ಗ ಕಲಬುರಗಿಯಾಗಿ, ಬಿಜಾಪುರ ವಿಜಯಪುರವಾಗಿ ಕನ್ನಡದಲ್ಲಿಯೂ ಬದಲಾದವು. ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ಈ ಬದಲಾವಣೆಗೆ ಒತ್ತಾಯಿಸಿದವರಲ್ಲಿ ಪ್ರಮುಖರಾಗಿದ್ದ ಯು.ಆರ್. ಅನಂತಮೂರ್ತಿಯವರು ಇದನ್ನು ನೋಡಲು ಇರಲಿಲ್ಲ. ಅದೇ ವರ್ಷದ ಆಗಸ್ಟ್ 22ರಂದು ಅವರು ತೀರಿಕೊಂಡಿದ್ದರು.

ಸರ್ಕಾರದ ಆದೇಶ ಕೆಲವು ಹಾಳೆಗಳಲ್ಲಿ ಮುಗಿಯಿತು. ಕೆಲಸ ಮಾತ್ರ ಅಲ್ಲಿಂದಲೇ ಶುರು. ಒಂದು ಊರಿನ ಹೆಸರು ಎಲ್ಲೆಲ್ಲಿ ಬರೆದಿರುತ್ತದೆ ಎಂದು ಯಾರಾದರೂ ಲೆಕ್ಕ ಹಾಕಿದ್ದುಂಟೇ? ರೈಲು ನಿಲ್ದಾಣದ ಹಳದಿ ಫಲಕದಲ್ಲಿ, ಬಸ್ಸಿನ ಹಣೆಯ ಮೇಲೆ, ಕಚೇರಿಯ ಮೊಹರಿನಲ್ಲಿ, ಅಂಗಡಿಯ ರಸೀತಿಯಲ್ಲಿ, ಭೂಪಟದಲ್ಲಿ. ಫಲಕಕ್ಕೆ ಬಣ್ಣ ಬಳಿಯಬಹುದು, ಮೊಹರನ್ನು ಹೊಸದಾಗಿ ಮಾಡಿಸಬಹುದು. ಆದರೆ ಕಂಪ್ಯೂಟರುಗಳ ಒಳಗೆ, ಜಾಲತಾಣಗಳ ಲಕ್ಷಾಂತರ ಪುಟಗಳಲ್ಲಿ ಇರುವ ಹೆಸರನ್ನು ಯಾರು, ಹೇಗೆ ತಿದ್ದಬೇಕು? ಕೈಯಿಂದ ಒಂದೊಂದೇ ತಿದ್ದಲು ಹೊರಟರೆ ವರ್ಷಗಳು ಸಾಲವು. ಪ್ರೋಗ್ರಾಮ್ ಬರೆದು ಒಂದೇ ಏಟಿಗೆ ತಿದ್ದಿದರೆ ನಿಮಿಷಗಳು ಸಾಕು. ಹಾಗೆ ನಿಮಿಷದಲ್ಲಿ ತಿದ್ದುವುದರಲ್ಲಿ ಇರುವ ಅನುಕೂಲವೇನು, ಅಪಾಯವೇನು ಎಂಬುದಕ್ಕೆ ಐವತ್ತು ವರ್ಷಗಳಿಗೂ ಮೀರಿದ ಒಂದು ಇತಿಹಾಸವಿದೆ.

ಎರಡು ಬಿಜಾಪುರ, ಎರಡು ವಿಜಯಪುರ

ಮೊದಲು ಅಪಾಯವನ್ನೇ ನೋಡೋಣ. ಒಂದು ಜಾಲತಾಣದಲ್ಲಿ ‘ಬಿಜಾಪುರ’ ಎಂದು ಇರುವ ಕಡೆಯಲ್ಲೆಲ್ಲ ‘ವಿಜಯಪುರ’ ಎಂದು ಬದಲಾಯಿಸು ಎಂದು ಕಂಪ್ಯೂಟರಿಗೆ ಹೇಳಿದೆವು ಎನ್ನಿ. ಅದು ಪ್ರಶ್ನೆ ಕೇಳದೆ ಹೇಳಿದ ಕೆಲಸವನ್ನು ಮಾಡಿ ಮುಗಿಸುತ್ತದೆ. ಆದರೆ ಛತ್ತೀಸ್‌ಗಢದಲ್ಲಿಯೂ ಒಂದು ಬಿಜಾಪುರವಿದೆ. 2007ರಿಂದ ಅದು ಜಿಲ್ಲೆಯೂ ಹೌದು. ಕರ್ನಾಟಕ ಸರ್ಕಾರದ ಆದೇಶ ಅದಕ್ಕೆ ಅನ್ವಯಿಸುವುದಿಲ್ಲ ಎಂಬುದು ಕಂಪ್ಯೂಟರಿಗೆ ತಿಳಿಯದು. ಹಾಗೆಂದು ಹೊಸ ಹೆಸರಾದರೂ ಒಂದೇ ಊರಿನದೇ ಎಂದರೆ ಅದೂ ಅಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಬೇರೆಯೇ ಆದ ವಿಜಯಪುರ ಪಟ್ಟಣವೊಂದು ಮೊದಲಿನಿಂದಲೂ ಇದೆ.

ಇನ್ನೊಂದು ತೊಡಕು ಕಾಲದ್ದು. ಟಿಪ್ಪು ಸುಲ್ತಾನ್ ಮತ್ತು ಬ್ರಿಟಿಷರ ನಡುವೆ 1784ರಲ್ಲಿ ಆದ ಒಪ್ಪಂದ ಇಂಗ್ಲಿಷ್ ಚರಿತ್ರೆಯ ಪುಸ್ತಕಗಳಲ್ಲಿ ‘ಟ್ರೀಟಿ ಆಫ್ ಮ್ಯಾಂಗಲೋರ್’. ಮೈಸೂರಿನ ವಿಶ್ವವಿದ್ಯಾನಿಲಯ 2014ರ ನಂತರವೂ ಇಂಗ್ಲಿಷಿನಲ್ಲಿ ‘ಯೂನಿವರ್ಸಿಟಿ ಆಫ್ ಮೈಸೋರ್’ ಎಂದೇ ಉಳಿದಿದೆ. 1973ರ ನವೆಂಬರ್ 1ಕ್ಕೆ ಮುಂಚಿನ ನಮ್ಮ ರಾಜ್ಯದ ಹೆಸರು ಮೈಸೂರು ರಾಜ್ಯ. ಕಣ್ಣುಮುಚ್ಚಿ ತಿದ್ದುವ ಪ್ರೋಗ್ರಾಮು ಊರಿನ ಹೆಸರನ್ನು ಸರಿಪಡಿಸುತ್ತ ಹೋಗಿ ಚರಿತ್ರೆಯನ್ನೇ ಕೆಡಿಸಿಬಿಡಬಹುದು.

ಹಾಗಾದರೆ ತೊಂದರೆ ಇರುವುದು ಎಲ್ಲಿ? ಹೆಸರನ್ನು ನಾವು ಬರೀ ಅಕ್ಷರಗಳ ಸಾಲಾಗಿ ಬರೆದು ಇಟ್ಟಿರುವುದರಲ್ಲಿ. ಇದು ಯಾವ ಊರು, ಈ ಹೆಸರು ಯಾವಾಗಿನಿಂದ ಯಾವಾಗಿನವರೆಗೆ, ಹೇಳಿದವರು ಯಾರು ಎಂಬ ವಿವರ ಅಕ್ಷರಗಳ ಜೊತೆಗೆ ಇಲ್ಲ. ಈ ತೊಂದರೆಯನ್ನು ಮೊದಲು ಶಾಸ್ತ್ರೀಯವಾಗಿ ಎತ್ತಿಕೊಂಡವರು ಒಬ್ಬ ಗಣಿತಜ್ಞ.

ಕಾಡ್ ಹಾಕಿಕೊಟ್ಟ ದಾರಿ

ಎಡ್ಗರ್ ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ಚಾಲಕರಾಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿ ಸೇರಿದರು. ಕ್ಯಾಲಿಫೋರ್ನಿಯಾದ ಸ್ಯಾನ್‌ಹೊಸೆಯಲ್ಲಿದ್ದ ಆ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, 1970ರ ಜೂನ್‌ನಲ್ಲಿ ಅವರ ಒಂದು ಲೇಖನ ಪ್ರಕಟವಾಯಿತು. ಅನೇಕರು ಒಟ್ಟಿಗೆ ಬಳಸುವ ದೊಡ್ಡ ದತ್ತಾಂಶ ಭಂಡಾರಗಳನ್ನು ಹೇಗೆ ಜೋಡಿಸಿಡಬೇಕು ಎಂಬುದು ಅದರ ವಿಷಯ.

ಮಾಹಿತಿಯನ್ನು ಸರಳವಾದ ಕೋಷ್ಟಕಗಳಲ್ಲಿ, ಅಂದರೆ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಇಡಬೇಕು ಎಂದು ಕಾಡ್ ಹೇಳಿದರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸೂತ್ರವನ್ನು ಆ ಲೇಖನದಲ್ಲಿಯೂ ಮುಂದಿನ ಒಂದೆರಡು ವರ್ಷಗಳ ಬರಹಗಳಲ್ಲಿಯೂ ಬೆಳೆಸಿದರು. ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆ, ಬೇಕಾದ ಕಡೆಯಲ್ಲೆಲ್ಲ ಆ ಜಾಗವನ್ನು ತೋರಿಸು ಎಂಬುದು ಅದರ ಸಾರ.

ಉದಾಹರಣೆಗೆ ಒಂದು ಕಂಪನಿಯ ಸಾವಿರ ನೌಕರರ ಪಟ್ಟಿ ಇದೆ ಎನ್ನೋಣ. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಅವರು ಕೆಲಸ ಮಾಡುವ ಕಚೇರಿಯ ಪೂರ್ತಿ ವಿಳಾಸ ಬರೆದಿದೆ. ಕಚೇರಿ ಬೇರೆ ಬೀದಿಗೆ ಹೋದರೆ ಸಾವಿರ ಸಾಲು ತಿದ್ದಬೇಕು. ಒಂಬೈನೂರು ತಿದ್ದಿ ನೂರು ಮರೆತರೆ ಒಂದೇ ಕಚೇರಿಗೆ ಎರಡು ವಿಳಾಸಗಳಾಗುತ್ತವೆ, ಯಾವುದು ನಿಜವೆಂದು ಹೇಳುವವರಿರುವುದಿಲ್ಲ. ಅದರ ಬದಲು ಪ್ರತಿ ಕಚೇರಿಗೂ ಒಂದು ಸಂಖ್ಯೆ ಕೊಟ್ಟು, ನೌಕರನ ಮುಂದೆ ಆ ಸಂಖ್ಯೆಯನ್ನು ಮಾತ್ರ ಬರೆದು, ವಿಳಾಸವನ್ನು ಬೇರೆ ಕೋಷ್ಟಕದಲ್ಲಿ ಒಮ್ಮೆ ಬರೆದಿಟ್ಟರೆ ತಿದ್ದುವುದು ಒಂದೇ ಸಾಲು. ಇಷ್ಟು ಸರಳವಾದ ಮಾತನ್ನು ಗಣಿತದ ಭಾಷೆಯಲ್ಲಿ ಸಾಧಿಸಿ ತೋರಿಸಿದ್ದಕ್ಕೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1981ರಲ್ಲಿ ಕಾಡ್ ಅವರಿಗೆ ಸಂದಿತು.

ಕೋಷ್ಟಕದೊಡನೆ ಮಾತನಾಡಲು ಒಂದು ಭಾಷೆ ಬೇಕಾಗಿತ್ತು. ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ‘ಸೀಕ್ವೆಲ್’ ಎಂಬ ಭಾಷೆಯನ್ನು ಮುಂದಿಟ್ಟರು. ಆ ಹೆಸರು ಬೇರೊಂದು ಕಂಪನಿಯ ವ್ಯಾಪಾರ ಮುದ್ರೆಯಾಗಿದ್ದುದರಿಂದ ಮುಂದೆ ಅದು ‘ಎಸ್‌ಕ್ಯೂಎಲ್’ ಆಯಿತು. ಬಾಯ್ಸ್ ಅದೇ ವರ್ಷ ತೀರಿಕೊಂಡರು. ಭಾಷೆ ಮಾತ್ರ ಬದುಕಿ ಬ್ಯಾಂಕು, ರೈಲ್ವೆ, ಆಸ್ಪತ್ರೆಗಳನ್ನೆಲ್ಲ ಹೊಕ್ಕಿತು. ಇದರಲ್ಲಿ ಮೌಲ್ಯವನ್ನು ಬದಲಾಯಿಸುವ ಆಜ್ಞೆಗೆ ಮೂರು ಭಾಗ. ಅಪ್‌ಡೇಟ್ ಎಂದರೆ ಯಾವ ಕೋಷ್ಟಕ, ಸೆಟ್ ಎಂದರೆ ಯಾವ ಅಂಕಣಕ್ಕೆ ಯಾವ ಹೊಸ ಮೌಲ್ಯ, ವೇರ್ ಎಂದರೆ ಯಾವ ಸಾಲುಗಳಲ್ಲಿ. ಮೂರನೆಯದನ್ನು ಬರೆಯಲು ಮರೆತರೆ ಕಂಪ್ಯೂಟರು ಕೋಷ್ಟಕದ ಎಲ್ಲ ಸಾಲುಗಳನ್ನೂ ಬದಲಾಯಿಸಿಬಿಡುತ್ತದೆ. ಕರ್ನಾಟಕದ ಊರುಗಳೆಲ್ಲ ಒಂದು ಕ್ಷಣದಲ್ಲಿ ವಿಜಯಪುರಗಳಾಗಿಬಿಡಬಹುದು. ಈ ಮರೆವನ್ನು ಕುರಿತು ಹಿರಿಯರು ಎಚ್ಚರಿಸದೆ ಇರುವ ಪ್ರೋಗ್ರಾಮರ್ ಇರಲಾರ.

ಪುಟದ ಬೆನ್ನ ಹಿಂದಿನ ಚೀಟಿ

ಕಾಡ್ ತೋರಿಸಿದ ದಾರಿ ಬ್ಯಾಂಕುಗಳ ಲೆಕ್ಕಕ್ಕೆ ಬೇಗ ಒದಗಿತು. ಬರಹಗಳಿಗೆ ಒದಗಲು ಇನ್ನೂ ಎರಡು ದಶಕ ಬೇಕಾಯಿತು. 1991ರಲ್ಲಿ ಟಿಮ್ ಬರ್ನರ್ಸ್‌ಲೀ ಯುರೋಪಿನ ಸೆರ್ನ್ ಸಂಸ್ಥೆಯಿಂದ ವರ್ಲ್ಡ್ ವೈಡ್ ವೆಬ್ ಅನ್ನು ಜಗತ್ತಿಗೆ ಬಿಟ್ಟುಕೊಟ್ಟಾಗ ಒಂದು ಪುಟ ಎಂದರೆ ಒಂದು ಕಡತ. ಶೀರ್ಷಿಕೆ, ಲೇಖಕರ ಹೆಸರು, ದಿನಾಂಕ, ಬರಹ ಎಲ್ಲವೂ ಅದರಲ್ಲಿ ಬೆರೆತುಹೋಗಿದ್ದವು. ಸಾವಿರ ಪುಟದ ಜಾಲತಾಣದ ಅಡಿಟಿಪ್ಪಣಿಯಲ್ಲಿ ವರ್ಷವೊಂದನ್ನು ಬದಲಾಯಿಸಬೇಕಾದರೆ ಸಾವಿರ ಕಡತ ತೆರೆಯಬೇಕಾಗಿತ್ತು.

ಪತ್ರಿಕಾ ಕಚೇರಿಯ ಹಳಬರಿಗೆ ಇದಕ್ಕೆ ಪರಿಹಾರ ಗೊತ್ತಿದ್ದದ್ದೇ. ಸುದ್ದಿಯ ಪ್ರತಿ ಕಂಪೋಸಿಂಗ್‌ಗೆ ಹೋಗುವಾಗ ಮೂಲೆಯಲ್ಲಿ ಒಂದಿಷ್ಟು ಗುರುತು ಇರುತ್ತಿತ್ತು: ಯಾವ ಊರಿನಿಂದ ಬಂದದ್ದು, ಯಾವ ತಾರೀಖು, ಯಾರು ಕಳಿಸಿದ್ದು, ಯಾವ ಪುಟಕ್ಕೆ, ಎಷ್ಟು ಕಾಲಂ. ಸುದ್ದಿ ಬೇರೆ, ಸುದ್ದಿಯ ಬಗೆಗಿನ ವಿವರ ಬೇರೆ. 1990ರ ದಶಕದ ನಡುವಿನಿಂದ ದೊಡ್ಡ ಜಾಲತಾಣಗಳು ಇದೇ ಬಗೆಯ ಏರ್ಪಾಟನ್ನು ಕಂಪ್ಯೂಟರಿನಲ್ಲಿ ಮಾಡಿಕೊಂಡವು. ಬರಹವನ್ನು ಕೋಷ್ಟಕದಲ್ಲಿ ಇಡುವುದು, ಅದರ ಜೊತೆಗೆ ಶೀರ್ಷಿಕೆ, ಲೇಖಕ, ದಿನಾಂಕ, ವಿಭಾಗ, ಊರು ಇವನ್ನೆಲ್ಲ ಬೇರೆ ಬೇರೆ ಅಂಕಣಗಳಲ್ಲಿ ಇಡುವುದು, ಓದುಗ ಕೇಳಿದಾಗ ಎಲ್ಲವನ್ನೂ ಹೊಂದಿಸಿ ಪುಟ ಕಟ್ಟಿಕೊಡುವುದು. ಇಂಥ ತಂತ್ರಾಂಶಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಹೆಸರಾಯಿತು.

ಬರಹಕ್ಕೆ ಅಂಟಿಸಿದ ಆ ಒಂದೊಂದು ಚೀಟಿಯನ್ನೂ ಈ ವ್ಯವಸ್ಥೆಗಳಲ್ಲಿ ‘ಪ್ರಾಪರ್ಟಿ’ ಎನ್ನುತ್ತಾರೆ. ನಮ್ಮಲ್ಲಿ ಪ್ರಾಪರ್ಟಿ ಎಂದರೆ ಸೈಟು, ಮನೆ, ತೋಟ. ಇಲ್ಲಿ ಅದರ ಅರ್ಥ ‘ಗುಣ’. ‘ದಿನಾಂಕ’ ಎಂಬುದು ಗುಣ, ‘1 ನವೆಂಬರ್ 2014’ ಎಂಬುದು ಅದರ ಮೌಲ್ಯ. ಬೆಲ್ಜಿಯಂನ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್ 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ‘ದ್ರುಪಲ್’, 2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ‘ವರ್ಡ್‌ಪ್ರೆಸ್’ ಇಂಥ ವ್ಯವಸ್ಥೆಯನ್ನು ಬಡವರ ಕೈಗೂ ಎಟುಕಿಸಿದವು. ಇಂದು ಜಗತ್ತಿನ ಜಾಲತಾಣಗಳಲ್ಲಿ ಐದಕ್ಕೆ ಎರಡು ವರ್ಡ್‌ಪ್ರೆಸ್ ಮೇಲೆ ನಡೆಯುತ್ತವೆ ಎಂಬ ಅಂದಾಜಿದೆ.

ಗುಣಗಳನ್ನು ಬೇರೆ ಮಾಡಿ ಇಟ್ಟ ಮೇಲೆ ಅವನ್ನು ಮನುಷ್ಯನೇ ಕುಳಿತು ತಿದ್ದಬೇಕಾಗಿಲ್ಲ. ಒಂದು ಸಣ್ಣ ಪ್ರೋಗ್ರಾಮು ಸಾವಿರ ಬರಹಗಳ ಒಂದು ಗುಣವನ್ನು ತೆಗೆದುಕೊಂಡು ಹೊಸ ಮೌಲ್ಯ ಹಾಕಿ ಉಳಿಸಿಬಿಡಬಲ್ಲದು. ಹಾಗೆ ಮಾಡುವ ಹಕ್ಕು ಯಾರಿಗೆ, ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆ ಎಲ್ಲರೆದುರಿಗೆ ಬಹಿರಂಗವಾಗಿ ಚರ್ಚೆಯಾದದ್ದು ವಿಕಿಪೀಡಿಯದಲ್ಲಿ.

ನಿದ್ದೆ ಮಾಡದ ಸಂಪಾದಕರು

ವಿಕಿಪೀಡಿಯ ಪ್ರಾರಂಭವಾದದ್ದು 2001ರ ಜನವರಿ 15ರಂದು. ಮೊದಲ ವರ್ಷ ಅದರ ಪುಟಗಳು ಬಿಡಿ ಕಡತಗಳಾಗಿಯೇ ಇದ್ದವು. ಜರ್ಮನಿಯ ಮ್ಯಾಗ್ನಸ್ ಮಾನ್ಸ್ಕೆ ಎಂಬ ವಿದ್ಯಾರ್ಥಿ ಬರೆದ ತಂತ್ರಾಂಶದಿಂದ 2002ರ ಜನವರಿಯಲ್ಲಿ ಅವು ಕೋಷ್ಟಕಗಳಿಗೆ ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಬಳಕೆದಾರರು ಒಂದು ವಿಚಿತ್ರ ನೋಡಿದರು. ‘ರ‍್ಯಾಮ್‌ಬಾಟ್’ ಎಂಬ ಹೆಸರಿನ ಪ್ರೋಗ್ರಾಮೊಂದು ಅಮೆರಿಕದ 2000ದ ಜನಗಣತಿಯ ಅಂಕಿಅಂಶಗಳನ್ನು ಹಿಡಿದು ಅಲ್ಲಿನ ಸಣ್ಣಪುಟ್ಟ ಊರುಗಳ ಬಗ್ಗೆ ಸುಮಾರು 30,000 ಲೇಖನಗಳನ್ನು ಬರೆದುಹಾಕಿತು. ಮನುಷ್ಯರು ಸೇರಿ ಒಂದೂಮುಕ್ಕಾಲು ವರ್ಷ ಬರೆದ ವಿಶ್ವಕೋಶದಲ್ಲಿ ದೊಡ್ಡ ಪಾಲು ಯಂತ್ರದ್ದಾಯಿತು. ಜಗಳವೆದ್ದಿತು. ಇಂಥ ಪ್ರೋಗ್ರಾಮುಗಳಿಗೆ, ಅಂದರೆ ‘ಬಾಟ್’ಗಳಿಗೆ, ಮುಂಚೆಯೇ ಅನುಮತಿ ಬೇಕು, ಅವು ಮಾಡಿದ ತಿದ್ದುಪಡಿಗೆ ಪ್ರತ್ಯೇಕ ಗುರುತಿರಬೇಕು, ತಪ್ಪಿಗೆ ಅವುಗಳ ಒಡೆಯ ಹೊಣೆ ಎಂಬ ನಿಯಮಗಳು ಹೀಗೆ ಬೆಳೆದು ಬಂದವು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಆಗಿನ ಒಂದು ದೊಡ್ಡ ತಲೆನೋವು ಭಾಷೆಗಳ ನಡುವಿನ ಕೊಂಡಿ. ಒಂದೇ ವಿಷಯದ ಲೇಖನ ನೂರು ಭಾಷೆಗಳಲ್ಲಿದ್ದರೆ ಪ್ರತಿಯೊಂದು ಲೇಖನದ ಕೆಳಗೂ ಉಳಿದ ತೊಂಬತ್ತೊಂಬತ್ತರ ಹೆಸರು ಬರೆಯಬೇಕಿತ್ತು. ಒಟ್ಟು 9,900 ಕೊಂಡಿಗಳು. ಒಂದು ಭಾಷೆಯವರು ತಮ್ಮ ಲೇಖನದ ಹೆಸರು ಬದಲಾಯಿಸಿದರೆ ತೊಂಬತ್ತೊಂಬತ್ತು ಕಡೆ ತಿದ್ದುಪಡಿ. ಬಾಟ್‌ಗಳು ಹಗಲೂ ರಾತ್ರಿ ಇದೇ ಕೆಲಸ ಮಾಡುತ್ತಿದ್ದವು. ಕಾಡ್ 1970ರಲ್ಲಿಯೇ ಗುರುತಿಸಿದ್ದ ರೋಗ ಇದು.

ಊರಿಗೊಂದು ಸಂಖ್ಯೆ

ಇದಕ್ಕೆ ಮದ್ದಾಗಿ ಬರ್ಲಿನ್‌ನ ವಿಕಿಮೀಡಿಯ ಜರ್ಮನಿ ಸಂಸ್ಥೆ, ಡೆನ್ನಿ ವ್ರಾಂಡೆಚಿಚ್ ಎಂಬ ಕಂಪ್ಯೂಟರ್ ವಿಜ್ಞಾನಿಯ ನೇತೃತ್ವದಲ್ಲಿ ‘ವಿಕಿಡೇಟಾ’ ಎಂಬ ಕೇಂದ್ರ ಭಂಡಾರವನ್ನು ಕಟ್ಟಿತು. ಅದು ತೆರೆದದ್ದು 2012ರ ಅಕ್ಟೋಬರ್ 29ರಂದು. 2013ರ ಜನವರಿ 14ರಂದು ಹಂಗೇರಿಯನ್ ವಿಕಿಪೀಡಿಯ ಮೊದಲಿಗೆ ಅದರಿಂದ ಭಾಷಾಕೊಂಡಿಗಳನ್ನು ಪಡೆಯತೊಡಗಿತು. ಮಾರ್ಚ್ 6ರ ಹೊತ್ತಿಗೆ ಕನ್ನಡವೂ ಸೇರಿ ಉಳಿದ ಭಾಷೆಗಳಿಗೂ ಅದು ಬಂತು. 9,900 ಕೊಂಡಿಗಳ ಜಾಗದಲ್ಲಿ ನೂರು ಸಾಕಾದವು.

ವಿಕಿಡೇಟಾದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ. ಬೆಂಗಳೂರಿನದು ಕ್ಯೂ 1355, ಕರ್ನಾಟಕದ್ದು ಕ್ಯೂ 1185. ಹೆಸರು ಎಷ್ಟು ಬದಲಾದರೂ ಸಂಖ್ಯೆ ಬದಲಾಗದು. ಹಾಗಾಗಿ ಎರಡು ಬಿಜಾಪುರ, ಎರಡು ವಿಜಯಪುರಗಳ ಗೊಂದಲ ಇಲ್ಲಿಲ್ಲ. ಗುಣಗಳಿಗೂ ಸಂಖ್ಯೆ ಇದೆ. ಹುಟ್ಟಿದ ದಿನಾಂಕ ಪಿ 569, ತೀರಿಕೊಂಡ ದಿನಾಂಕ ಪಿ 570, ಜನಸಂಖ್ಯೆ ಪಿ 1082. ಇಂಥ ಗುಣಗಳು ಹತ್ತು ಸಾವಿರಕ್ಕೂ ಹೆಚ್ಚಿವೆ, ವಸ್ತುಗಳು ಹತ್ತು ಕೋಟಿ ದಾಟಿವೆ.

ಇಲ್ಲಿ ಒಂದು ಗುಣದ ಮೌಲ್ಯವನ್ನು ಬದಲಾಯಿಸುವ ಪ್ರೋಗ್ರಾಮು ಏನು ಮಾಡುತ್ತದೆ? ಮೊದಲು ಆ ವಸ್ತುವನ್ನು ತರಿಸಿ ಈಗಿನ ಮೌಲ್ಯ ಓದುತ್ತದೆ. ಅದು ಎಷ್ಟನೆಯ ಆವೃತ್ತಿ ಎಂದು ಗುರುತಿಟ್ಟುಕೊಳ್ಳುತ್ತದೆ. ಹೊಸ ಮೌಲ್ಯವನ್ನೂ ಅದಕ್ಕೆ ಆಧಾರವನ್ನೂ ಸೇರಿಸುತ್ತದೆ. ಏಕೆ ಬದಲಾಯಿಸಿದೆ ಎಂದು ಒಂದು ಸಾಲಿನ ಷರಾ ಬರೆಯುತ್ತದೆ. ಆಮೇಲೆ ಉಳಿಸಲು ಕೇಳಿಕೊಳ್ಳುತ್ತದೆ. ಈ ನಡುವೆ ಬೇರೆ ಯಾರಾದರೂ ಅದೇ ಮೌಲ್ಯವನ್ನು ತಿದ್ದಿದ್ದರೆ ವ್ಯವಸ್ಥೆ ಒಪ್ಪದೆ ಹಿಂದಕ್ಕೆ ಕಳಿಸಬಲ್ಲದು, ಮತ್ತೆ ಓದಿಕೊಂಡು ಬರಬೇಕು. ಕೇಂದ್ರದ ಕಂಪ್ಯೂಟರುಗಳು ಕೆಲಸದ ಒತ್ತಡದಲ್ಲಿದ್ದರೆ ಪ್ರೋಗ್ರಾಮು ಕೆಲವು ಸೆಕೆಂಡು ಸುಮ್ಮನಿದ್ದು ಆಮೇಲೆ ಬರಬೇಕೆಂಬ ಶಿಸ್ತೂ ಇದೆ. ಹಳೆಯ ಆವೃತ್ತಿ ಅಳಿಯುವುದಿಲ್ಲ. ಯಾರು, ಎಷ್ಟು ಗಂಟೆಗೆ, ಏನನ್ನು ಏನಾಗಿ ಮಾಡಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು, ತಪ್ಪಾಗಿದ್ದರೆ ಹಿಂದಿನದನ್ನೇ ತಂದು ಕೂರಿಸಬಹುದು.

84 ಲಕ್ಷವೋ, 43 ಲಕ್ಷವೋ?

ಬೆಂಗಳೂರಿನ ಜನಸಂಖ್ಯೆ ಎಷ್ಟು? 2001ರ ಜನಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 43,01,326. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 84,43,675. ಹತ್ತೇ ವರ್ಷದಲ್ಲಿ ಊರು ಎರಡರಷ್ಟಾಯಿತೆಂದು ಯಾರಾದರೂ ಅಂದುಕೊಂಡರೆ ತಪ್ಪೇನೂ ಅವರದಲ್ಲ. ನಡುವೆ, 2007ರಲ್ಲಿ, ಹಳೆಯ ಪಾಲಿಕೆಗೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿದ್ದವು. ಜನ ಹೆಚ್ಚಿದ್ದು ನಿಜ. ಅದರ ಜೊತೆಗೆ ಎಲ್ಲೆಯೂ ಹಿಗ್ಗಿತ್ತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಬೃಹತ್ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾದವು. ಇನ್ನು ಮುಂದೆ ‘ಬೆಂಗಳೂರು’ ಎಂದರೆ ಯಾವ ಎಲ್ಲೆ ಎಂಬುದನ್ನು ಮತ್ತೆ ಹೇಳಬೇಕಾಗುತ್ತದೆ.

ಆದ್ದರಿಂದ ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಹಾಕುವುದು ಇಲ್ಲಿ ಸರಿಯಾದ ಕ್ರಮವಲ್ಲ. 43 ಲಕ್ಷ ಸುಳ್ಳಲ್ಲ, ಅದು 2001ರ ನಿಜ. ವಿಕಿಡೇಟಾದಲ್ಲಿ ಎರಡು ಮೌಲ್ಯಗಳೂ ಅಕ್ಕಪಕ್ಕ ಇರಬಹುದು. ಒಂದೊಂದಕ್ಕೂ ‘ಇದು ಯಾವ ಕಾಲದ್ದು’ ಎಂಬ ಉಪವಿವರ, ‘ಇದನ್ನು ಹೇಳಿದ್ದು ಯಾರು’ ಎಂಬ ಆಧಾರ. ಇತ್ತೀಚಿನದಕ್ಕೆ ಮೊದಲ ಮಣೆ, ಹಳೆಯದಕ್ಕೆ ಸಾಮಾನ್ಯ ಸ್ಥಾನ, ತಪ್ಪೆಂದು ಸಾಬೀತಾದದ್ದಕ್ಕೂ ‘ಇದನ್ನು ನಂಬಬೇಡಿ’ ಎಂಬ ಗುರುತಿನೊಡನೆ ಒಂದು ಮೂಲೆ. ಹೊಸ ಮೌಲ್ಯ ಬಂದರೆ ಹಳೆಯದು ಇತಿಹಾಸವಾಗುತ್ತದೆ, ಇಲ್ಲವಾಗುವುದಿಲ್ಲ. ಗುಲ್ಬರ್ಗ ಮತ್ತು ಕಲಬುರಗಿ ಎರಡನ್ನೂ ಹೀಗೆಯೇ ತಾರೀಖಿನೊಡನೆ ಇಡಬಹುದು.

ಕೋವಿಡ್‌ನಿಂದಾಗಿ 2021ರ ಜನಗಣತಿ ಮುಂದಕ್ಕೆ ಹೋಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಸರ್ಕಾರ ಪ್ರಕಟಿಸಿದೆ. ಅದರ ಅಂಕಿಗಳು ಹೊರಬಿದ್ದ ದಿನ ದೇಶದ ಸಾವಿರಾರು ಊರುಗಳ ಈ ಒಂದು ಗುಣವನ್ನು ಬದಲಾಯಿಸುವ ಕೆಲಸ ಪ್ರೋಗ್ರಾಮುಗಳ ಪಾಲಿಗೆ ಬರುತ್ತದೆ.

ತಪ್ಪೂ ಅಷ್ಟೇ ವೇಗವಾಗಿ

ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಯಾಗುತ್ತದೆ ಎಂಬುದರ ಇನ್ನೊಂದು ಮುಖ, ಒಂದು ಕಡೆ ಕೆಡಿಸಿದರೆ ಎಲ್ಲ ಕಡೆ ಕೆಡುತ್ತದೆ ಎಂಬುದು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಪ್ರಕರಣ ಇದಕ್ಕೆ ಹಳೆಯ ಸಾಕ್ಷಿ. 2005ರ ಮೇ ತಿಂಗಳಿನಲ್ಲಿ ಯಾರೋ ಒಬ್ಬರು ವಿಕಿಪೀಡಿಯದಲ್ಲಿ ಅವರನ್ನು ಕೆನಡಿ ಸಹೋದರರ ಹತ್ಯೆಗಳಿಗೆ ತಳಕು ಹಾಕುವ ಸುಳ್ಳು ಬರೆದರು. ಸೀಗೆಂತಾಲರ್ ಒಂದು ಕಾಲದಲ್ಲಿ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು. ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಇತ್ತು. ವಿಕಿಪೀಡಿಯದಿಂದ ತೆಗೆದ ಮೇಲೂ ಅದರಿಂದ ನಕಲು ಪಡೆಯುತ್ತಿದ್ದ ಬೇರೆ ಜಾಲತಾಣಗಳಲ್ಲಿ ಕೆಲವು ದಿನ ಉಳಿದಿತ್ತು. ಹೆಸರಿಲ್ಲದವರು ಹೊಸ ಲೇಖನ ಆರಂಭಿಸುವಂತಿಲ್ಲ ಎಂಬ ನಿಯಮವನ್ನು ಇಂಗ್ಲಿಷ್ ವಿಕಿಪೀಡಿಯ ತಂದದ್ದು ಇದಾದ ಮೇಲೆಯೇ.

ಕನ್ನಡಿಗರಿಗೆ ಬೇರೆ ಬಗೆಯ ಅನುಭವ ಆದದ್ದು 2021ರ ಜೂನ್‌ನಲ್ಲಿ. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದವರಿಗೆ ಉತ್ತರವಾಗಿ ಕನ್ನಡದ ಹೆಸರು ಬಂತು. ಯಾವುದೋ ಜಾಲತಾಣದಲ್ಲಿದ್ದ ವಾಕ್ಯವನ್ನು ಯಂತ್ರ ಎತ್ತಿ ಉತ್ತರದ ಪೆಟ್ಟಿಗೆಯಲ್ಲಿ ಇಟ್ಟಿತ್ತು. ರಾಜ್ಯದಾದ್ಯಂತ ಆಕ್ರೋಶವೆದ್ದಿತು, ಸರ್ಕಾರ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು, ಕಂಪನಿ ಕ್ಷಮೆ ಕೇಳಿ ಉತ್ತರವನ್ನು ತೆಗೆದುಹಾಕಿತು. ಸಿಟ್ಟಿನ ನಡುವೆ ಒಂದು ಮಾತು ಹೆಚ್ಚು ಚರ್ಚೆಯಾಗಲಿಲ್ಲ. ಆ ಪೆಟ್ಟಿಗೆಯಲ್ಲಿನ ಮಾತು ಅಭಿಪ್ರಾಯವಾಗಿರಲಿ, ತಮಾಷೆಯಾಗಿರಲಿ, ಓದುವವರ ಕಣ್ಣಿಗೆ ಅದು ‘ಮೌಲ್ಯ’ವಾಗಿ, ಅಂದರೆ ಸಂಗತಿಯಾಗಿ ಕಂಡಿತು. ಅದನ್ನು ಓದುಗರೇ ಕೈಹಾಕಿ ತಿದ್ದುವ ಬಾಗಿಲು ಅಲ್ಲಿರಲಿಲ್ಲ. ಹಿಂದೆ ಅಲ್ಲಿ ಏನಿತ್ತು ಎಂದು ನೋಡುವ ಪುಟವೂ ಇರಲಿಲ್ಲ.

ಎರಡೂ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ತಪ್ಪಾಗದಂಥ ವ್ಯವಸ್ಥೆ ಎಲ್ಲಿಯೂ ಇಲ್ಲ ಎಂಬುದು ಮೊದಲಿಗೆ ತಿಳಿಯುತ್ತದೆ. ಬದಲಾವಣೆಯ ಗುರುತು ಉಳಿದಿದ್ದರೆ ತಪ್ಪು ಮಾಡಿದವರನ್ನು ಕೇಳಬಹುದು, ಹಿಂದಿನದನ್ನು ತರಬಹುದು. ಗುರುತಿಲ್ಲದಿದ್ದರೆ ಕ್ಷಮೆಗಾಗಿ ಕಾಯಬೇಕು.

ಲ ಮತ್ತು ಳ

ಕನ್ನಡದಂಥ ಭಾಷೆಗೆ ಈ ಚರಿತ್ರೆಯಲ್ಲಿ ಲಾಭವಿದೆ. ಕನ್ನಡ ವಿಕಿಪೀಡಿಯದ ಲೇಖನಗಳು ಮೂವತ್ತು ಸಾವಿರ ದಾಟಿದ್ದರೂ ಅವನ್ನು ನೋಡಿಕೊಳ್ಳುವ ಕೈಗಳು ಕಡಿಮೆ. ಒಂದು ದೇಶದ ಪ್ರಧಾನಿ ಬದಲಾದಾಗ, ಒಂದು ಊರಿನ ಗಣತಿ ಬಂದಾಗ ಪ್ರತಿ ಲೇಖನವನ್ನೂ ಕೈಯಿಂದ ತಿದ್ದಲು ಅವರಿಗೆ ಪುರುಸೊತ್ತಿಲ್ಲ. ಕೇಂದ್ರ ಭಂಡಾರದಿಂದ ಅಂಕಿಯನ್ನು ಎಳೆದುಕೊಳ್ಳುವಂತೆ ಲೇಖನವನ್ನು ಕಟ್ಟಿದರೆ ಬರ್ಲಿನ್‌ನಲ್ಲಿಯೋ ಬೀದರಿನಲ್ಲಿಯೋ ಕುಳಿತು ಯಾರು ತಿದ್ದಿದರೂ ಕನ್ನಡದ ಪುಟ ಹೊಸದಾಗಿರುತ್ತದೆ.

ಆದರೆ ಅಂಕಿ ಬರಬಹುದು, ಹೆಸರು ಹಾಗೆ ಬರುವುದಿಲ್ಲ. ಕ್ಯೂ ಸಂಖ್ಯೆಯ ಪಕ್ಕದಲ್ಲಿ ಕನ್ನಡದ ಹೆಸರನ್ನು ಯಾರಾದರೂ ಬರೆದಿದ್ದರೆ ಮಾತ್ರ ಕನ್ನಡದಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಇಂಗ್ಲಿಷ್ ಹೆಸರು, ಅದೂ ಇಲ್ಲದಿದ್ದರೆ ಬರೀ ಸಂಖ್ಯೆ. ಇಂಗ್ಲಿಷ್ ಬರಹದಿಂದ ಪ್ರೋಗ್ರಾಮಿನ ಮೂಲಕವೇ ಕನ್ನಡಕ್ಕೆ ತಿರುಗಿಸಿಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಬಳ್ಳಾರಿಯ ‘ಳ’ ಆ ಇಂಗ್ಲಿಷ್ ಅಕ್ಷರಗಳಲ್ಲಿ ಇಲ್ಲ, ‘ಲ’ಕ್ಕೂ ‘ಳ’ಕ್ಕೂ ಅಲ್ಲಿ ಒಂದೇ ಅಕ್ಷರ. ತುಮಕೂರಿನ ‘ತ’ ಯಂತ್ರದ ಕಣ್ಣಿಗೆ ‘ಟ’ ಆಗಬಹುದು. ಕೋಲಾರದ ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ ಎಂಬುದನ್ನು ಆ ಊರಿನ ಹೆಸರನ್ನು ಕಿವಿಯಿಂದ ಕೇಳಿದವರೇ ಹೇಳಬೇಕು. ಒಮ್ಮೆ ತಪ್ಪಾಗಿ ಬರೆದು ಒಳಗಿಟ್ಟರೆ ಆ ತಪ್ಪೇ ಭೂಪಟಕ್ಕೆ, ಫೋನಿಗೆ, ಮಕ್ಕಳ ಪಾಠಕ್ಕೆ ಹರಿದುಹೋಗುತ್ತದೆ. ಹನ್ನೆರಡು ದೊಡ್ಡ ಊರುಗಳಿಗೆ ಸರ್ಕಾರದ ಆದೇಶವಾದರೂ ಇದೆ. ಸಾವಿರಾರು ಹಳ್ಳಿಗಳಿಗೆ ಅಂಥ ಆದೇಶವಿಲ್ಲ.

ನಾವು ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ‘ಕಡತ’ ಎನ್ನುತ್ತೇವೆ. ಈ ಮಾತು ಹಳೆಯದು. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಸವರಿ, ಒಣಗಿಸಿ, ಮಡಿಕೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಕಡತ. ನಮ್ಮ ವ್ಯಾಪಾರಿಗಳೂ ಮಠಗಳೂ ಅದರಲ್ಲಿಯೇ ಲೆಕ್ಕ ಇಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಇಂದಿಗೂ ಆಕರ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು ತಮ್ಮ ಇತಿಹಾಸ ಗ್ರಂಥದಲ್ಲಿ ವರ್ಣಿಸಿದ್ದಾರೆ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಾದದ್ದು ಅದರ ಅನುಕೂಲ. ಒರೆಸಿದ್ದು ಏನೆಂದು ಆಮೇಲೆ ಯಾರಿಗೂ ತಿಳಿಯದಿರುವುದು ಅದರ ಕೊರತೆ. ಹೊಸ ಕಡತದಲ್ಲಿ ಒರೆಸಿದ್ದೂ ಉಳಿಯುವಂತೆ ಮಾಡಬಹುದು. ಹಾಗೆ ಉಳಿಸಬೇಕೋ ಬೇಡವೋ ಎಂಬುದನ್ನು ಅದನ್ನು ಕಟ್ಟುವವರು ನಿರ್ಧರಿಸುತ್ತಾರೆ. ಅದರಲ್ಲಿ ನಮ್ಮೂರಿನ ಹೆಸರನ್ನು ‘ಳ’ ತಪ್ಪದೆ ಬರೆಯುವ ಕೆಲಸ ಮಾತ್ರ ಊರಿನವರದೇ.